ಬೆಂಗಳೂರಿಗೆ ಚಳಿ ತರಿಸುವ ಮೇಜು

ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಕ್ಲಬ್‌ಹೌಸ್ ಟೆರೇಸಿಗೆ ಗ್ಯಾಸ್ ಫೈರ್ ಪಿಟ್ ಟೇಬಲ್ ತರಿಸಿದ್ದಾರೆ. ನಡುವೆ ಬೆಂಕಿ, ಸುತ್ತ ಕಪ್ ಇಡೋಕೆ ಜಾಗ. ನೀವೂ ನೋಡಿರುತ್ತೀರಿ. ಇಂದಿರಾನಗರದಿಂದ ಸರ್ಜಾಪುರ ರಸ್ತೆವರೆಗೆ ಎಲ್ಲಿ ಟೆರೇಸ್ ಇದೆಯೋ ಅಲ್ಲೆಲ್ಲ ಇದರದ್ದೇ ರೀಲ್ಸ್. ಹಾಗಾಗಿ ಇದೇನು ಅಂತ ವಿವರಿಸುವ ಕಷ್ಟ ನನಗಿಲ್ಲ. ಇದ್ಯಾಕೆ ಅಂತ ವಿವರಿಸುವ ಕಷ್ಟ ಸಂಘದವರಿಗಿತ್ತು. ‘ವಿಂಟರ್ ಆಂಬಿಯೆನ್ಸ್’ ಅಂತ ಎರಡೇ ಪದದಲ್ಲಿ ಮುಗಿಸಿಬಿಟ್ಟರು.

ವಿಂಟರ್ ಅಂತೆ! ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು 1884ರ ಜನವರಿ 13ರ ಮಾತು. ಆ ಚಳಿ ಕಂಡವರು ಯಾರೂ ಈಗ ನಮ್ಮ ಸಂಘದಲ್ಲಿಲ್ಲ. (ಮೇಂಟೆನೆನ್ಸ್ ಬಾಕಿಯ ಪಟ್ಟಿ ನೋಡಿದರೆ ಒಂದಿಬ್ಬರ ಮೇಲೆ ಅನುಮಾನ ಬರುತ್ತೆ, ಇರಲಿ.) ಈಗಿನ ಡಿಸೆಂಬರ್ ರಾತ್ರಿ ಅಂದರೆ ಹದಿನೈದು ಡಿಗ್ರಿ ಆಸುಪಾಸು. ಒಂದು ಸ್ವೆಟರ್ ಸಾಕು. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಮುಟ್ಟಿತ್ತು. ಅಂಥ ಬಿಸಿಲಿನಲ್ಲೂ ಟೇಬಲ್ ಅಲ್ಲೇ ಇರುತ್ತೆ, ಮಡಚಿ ಅಟ್ಟಕ್ಕೆ ಹಾಕೋಕಾಗಲ್ಲ.

ಫ್ರಾನ್ಸಿನವರು 2022ರಲ್ಲಿ ಕೆಫೆಗಳ ಹೊರಾಂಗಣದ ಹೀಟರುಗಳನ್ನೇ ನಿಷೇಧಿಸಿದರು. ಆಕಾಶವನ್ನ ಬಿಸಿ ಮಾಡುವುದು ವ್ಯರ್ಥ ಅಂತ. ಪ್ಯಾರಿಸ್ಸಿನ ಜನ ಕೋಟು ಹಾಕ್ಕೊಂಡು ಕೂತಿದ್ದಾರೆ. ಪಾಪ, ಅವರಿಗೆ ಆಂಬಿಯೆನ್ಸ್ ಗೊತ್ತಿಲ್ಲ.

ಆಯ್ಕೆಗೆ ಒಂದು ಸಮಿತಿ ಆಯಿತು. ಸಮಿತಿ ಗಂಭೀರವಾಗಿ ಚರ್ಚಿಸಿದ್ದು ಒಂದೇ ವಿಷಯ: ಬೆಂಕಿಯ ಸುತ್ತ ಕಪ್ಪು ಲಾವಾ ಕಲ್ಲು ಹಾಕೋದಾ, ನೀಲಿ ಗಾಜಿನ ಚೂರಾ? ಫೋಟೋಗೆ ಗಾಜು ಚೆನ್ನ, ಬಜೆಟ್ಟಿಗೆ ಕಲ್ಲು ಚೆನ್ನ. ವಾದ ಎಷ್ಟು ಬಿಸಿಯಾಯಿತೆಂದರೆ ಟೇಬಲ್ಲೇ ಬೇಡ, ಇವರ ಸುತ್ತ ಕೂತರೆ ಸಾಕು ಅನಿಸಿತು. ಬರ್ನರ್ ಎಷ್ಟು ದೊಡ್ಡದು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಕ್ಯಾಟಲಾಗಿನಲ್ಲಿ 50,000 ಬಿಟಿಯು (ಗಂಟೆಗೆ ಎಷ್ಟು ಬಿಸಿ ಕೊಡುತ್ತೆ ಅನ್ನುವ ಅಳತೆ) ಅಂತ ಬರೆದಿತ್ತು. ಸಂಖ್ಯೆ ದೊಡ್ಡದಿದೆ, ಒಳ್ಳೆಯದೇ ಇರಬೇಕು ಅಂದುಕೊಂಡರು.

ಲೆಕ್ಕ ಸುಲಭ. 50,000 ಬಿಟಿಯು ಅಂದರೆ ಗಂಟೆಗೆ ಒಂದು ಕೇಜಿಗಿಂತ ಸ್ವಲ್ಪ ಜಾಸ್ತಿ ಗ್ಯಾಸ್. ಮನೆಯ ಒಲೆಯ ಐದಾರು ಬರ್ನರ್ ಪೂರ್ತಿ ತಿರುಗಿಸಿ, ಮೇಲೆ ಪಾತ್ರೆ ಇಡದೆ, ಎದುರು ಕುರ್ಚಿ ಹಾಕಿ ಕೂತ ಹಾಗೆ. 14.2 ಕೇಜಿಯ ಸಿಲಿಂಡರ್ ಹನ್ನೆರಡು ಗಂಟೆಗೆ ಖಾಲಿ.

ಅದೇ ಸಿಲಿಂಡರ್ ಕೆಳಗಿನ ಮನೆಗಳಲ್ಲಿ ಹೇಗೆ ಬದುಕುತ್ತೆ ನೋಡಿ. ತಿಂಗಳಾಗುತ್ತಿದ್ದ ಹಾಗೆ ಅದರ ಮೈಮೇಲೆ ಒದ್ದೆ ಬಟ್ಟೆ ಸವರುತ್ತಾರೆ. ಗ್ಯಾಸ್ ಇರುವಷ್ಟು ಮಟ್ಟಕ್ಕೆ ತೇವ ನಿಧಾನವಾಗಿ ಆರುತ್ತಲ್ಲ, ಅಲ್ಲಿ ಗೆರೆ ಕಾಣುತ್ತೆ. ಅದನ್ನ ನೋಡಿ ಹಬ್ಬದ ಹೋಳಿಗೆ ಈ ಸಿಲಿಂಡರಿನಲ್ಲೋ ಮುಂದಿನದರಲ್ಲೋ ಅಂತ ತೀರ್ಮಾನ. ಕೆಲವರು ಎತ್ತಿ ಅಲ್ಲಾಡಿಸುತ್ತಾರೆ. ಕೆಲವರು ಕೊನೆಗಾಲದಲ್ಲಿ ಮಲಗಿಸಿಬಿಡುತ್ತಾರೆ, ಹಾಗೆ ಮಾಡಬಾರದು ಅಂತ ಗೊತ್ತಿದ್ದೂ. ಕ್ಯಾಲೆಂಡರಿನಲ್ಲಿ ಸಿಲಿಂಡರ್ ಹಚ್ಚಿದ ದಿನಕ್ಕೆ ಸುತ್ತು ಹಾಕುವವರಿದ್ದಾರೆ. ನಮ್ಮ ಅತ್ತೆ ಆ ಪೈಕಿ. ಎರಡು ದಿನ ಮುಂಚೆ ಖಾಲಿಯಾದರೆ ಇಡೀ ಮನೆಯ ವಿಚಾರಣೆ ನಡೆಯುತ್ತೆ, ಸ್ನಾನಕ್ಕೆ ಯಾರು ಒಲೆ ಮೇಲೆ ನೀರು ಕಾಯಿಸಿದ್ರಿ ಅಂತ. ಬಿಲ್ಲಿನ ಮೇಲೆ ಐವತ್ತು ರೂಪಾಯಿ ಕೇಳುವ ಡೆಲಿವರಿ ಹುಡುಗನ ಜೊತೆ ಗೇಟಿನಲ್ಲಿ ನಿಂತು ಜಗಳ ಆಡುವವರೂ ಇವರೇ, ಸಂಜೆ ಟೆರೇಸಿನಲ್ಲಿ ಕಲ್ಲಿಗೆ ಗ್ಯಾಸ್ ಹಚ್ಚಿ ‘ವಾವ್’ ಅನ್ನುವವರೂ ಇವರೇ.

ಉದ್ಘಾಟನೆ ಆಯಿತು. ಮುಖ ಸುಟ್ಟಿತು, ಬೆನ್ನು ಹಾಗೇ ಉಳಿಯಿತು, ಕಾಲು ಮೊದಲಿಗಿಂತ ತಣ್ಣಗಾಯಿತು. ಬಿಸಿ ಮೇಲಕ್ಕೆ ಹೋಗುತ್ತೆ ಅಂತ ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದರು. ಸೌದೆ ಹಚ್ಚಿದ್ದರೆ ಹೊಗೆಗಾದರೂ ಸೊಳ್ಳೆ ಓಡುತ್ತಿತ್ತು. ಇದರಲ್ಲಿ ಹೊಗೆಯಿಲ್ಲ, ಅದೇ ಇದರ ವಿಶೇಷವಂತೆ. ಸೊಳ್ಳೆಗಳೂ ಆಂಬಿಯೆನ್ಸ್ ಅನುಭವಿಸಿದವು. ಒಂದು ಗಂಟೆಯಾದ ಮೇಲೆ ಉರಿ ಕುಗ್ಗಿತು. ಪ್ಲಂಬರ್ ಹುಡುಗ ಬಂದು ಮೇಜಿನ ಬದಿಯ ಬಾಗಿಲು ತೆಗೆದ. ಒಳಗೆ ಸಿಲಿಂಡರಿನ ಕೆಳಗಿನ ಅರ್ಧಕ್ಕೆ ಬೆವರು ಹನಿಹನಿಯಾಗಿ ಕಟ್ಟಿತ್ತು, ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗೆ. ಗ್ಯಾಸ್ ಬೇಗ ಬೇಗ ಎಳೆದರೆ ಒಳಗಿನ ದ್ರವ ಆವಿಯಾಗುತ್ತಾ ತನ್ನ ಬಿಸಿಯನ್ನೇ ಕಳೆದುಕೊಳ್ಳುತ್ತೆ, ಒತ್ತಡ ಇಳಿಯುತ್ತೆ. ಆ ರಾತ್ರಿ ಇಡೀ ಟೆರೇಸಿನಲ್ಲಿ ನಿಜವಾಗಿ ಚಳಿ ಹಿಡಿದದ್ದು ಸಿಲಿಂಡರಿಗೆ ಮಾತ್ರ. ಒಬ್ಬ ಮಹಾಶಯರು ಅದನ್ನ ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ಅಂದರು. ದೇವರ ದಯೆ, ಗೀಸರ್ ಕೆಟ್ಟಿತ್ತು.

ಈಗ ಸ್ವಲ್ಪ ತಮಾಷೆ ಬಿಡೋಣ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹಾರಿಹೋಗಲ್ಲ, ಕೆಳಗೆ ತಗ್ಗಿನಲ್ಲಿ ನಿಲ್ಲುತ್ತೆ. ಅದಕ್ಕೇ ಸಿಲಿಂಡರ್ ಇಡುವ ಗೂಡಿನ ಬುಡದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ನಮ್ಮವರು ‘ಲುಕ್ ಹಾಳಾಗುತ್ತೆ’ ಅಂತ ಅದಕ್ಕೆ ಸ್ಟಿಕ್ಕರ್ ಅಂಟಿಸಿದರು. ಮೇಲೆ ಬಿದಿರಿನ ಚಪ್ಪರ, ಅದರ ತುಂಬ ಪ್ಲಾಸ್ಟಿಕ್ ಬಳ್ಳಿ. ಬೆಂಕಿಯ ನೆತ್ತಿ ಮೇಲೇ! ಪೈಪಿನ ಜಾಯಿಂಟಿಗೆ ಸೋಪಿನ ನೀರು ಹಾಕಿ ಗುಳ್ಳೆ ಬರುತ್ತಾ ನೋಡಿ ಅಂದೆ. ನೆಗೆಟಿವ್ ಮಾತಾಡಬೇಡಿ ಸಾರ್ ಅಂದರು. ಕಲ್ಲು ಹಾಕಿದ್ದು ಕೊನೆಗೆ ಲಾವಾನೂ ಅಲ್ಲ, ಯಾರೋ ನದಿಯ ಬೆಣಚುಕಲ್ಲು ಸಸ್ತಾ ಅಂತ ತಂದಿದ್ದಾರೆ. ಒಳಗೆ ನೀರಿನ ಪಸೆ ಇದ್ದರೆ ಕಾದಾಗ ಸಿಡಿಯುವ ಕಲ್ಲು ಅದು.

2023ರ ಅಕ್ಟೋಬರಿನಲ್ಲಿ ಕೋರಮಂಗಲದ ಕಟ್ಟಡವೊಂದರ ತುದಿಯಲ್ಲಿದ್ದ ಕೆಫೆ ಹೊತ್ತಿ ಉರಿಯಿತಲ್ಲ. ಸಿಲಿಂಡರ್‌ಗಳು ಸಿಡಿದವು, ಒಬ್ಬ ಮೇಲಿಂದ ಹಾರಿದ. ಆ ವಿಡಿಯೋ ನಮ್ಮ ಗ್ರೂಪಿನಲ್ಲೇ ಬಂದಿತ್ತು. ಕೈಮುಗಿಯುವ ಇಮೋಜಿ ಹಾಕಿದವರೇ ಈಗ ಸಮಿತಿಯಲ್ಲಿದ್ದಾರೆ.

ಅಂದ ಹಾಗೆ ಸಿಲಿಂಡರ್ ಯಾರದ್ದು? ಮನೆಬಳಕೆಯ ಕೆಂಪು ಸಿಲಿಂಡರ್, ಕಾರ್ಯದರ್ಶಿಗಳ ಕನೆಕ್ಷನ್ನಿನದು. ಅದನ್ನ ಅಡುಗೆಗೆ ಬಿಟ್ಟು ಬೇರೆಯದಕ್ಕೆ ಬಳಸಬಾರದು ಅಂತ ನಿಯಮ ಇದೆ. 2015ರಲ್ಲಿ ಸಬ್ಸಿಡಿ ಬಿಟ್ಟುಕೊಡಿ ಅಂದಾಗ ಬಿಟ್ಟುಕೊಟ್ಟು, ಅದನ್ನ ಫೇಸ್‌ಬುಕ್ಕಿನಲ್ಲಿ ಹಾಕಿದ್ದವರು ಅವರು. ಉಜ್ವಲದ ಕನೆಕ್ಷನ್ ಇದ್ದೂ ರೀಫಿಲ್ಲಿಗೆ ದುಡ್ಡು ಹೊಂದದೆ ಸೌದೆ ಊದುತ್ತಿರುವ ಹೆಂಗಸರಿಗೆ ಆಮೇಲೆ ಕಣ್ಣೀರೂ ಸುರಿಸಿದ್ದರು.

ಡಿಸೆಂಬರಿನಲ್ಲಿ ನಮ್ಮ ರಾತ್ರಿಪಾಳಿಯ ವಾಚ್‌ಮನ್ ಗೇಟಿನ ಹತ್ತಿರ ಎರಡು ರಟ್ಟಿನ ಡಬ್ಬ ಹಚ್ಚಿ ಕೈ ಕಾಯಿಸಿಕೊಂಡ. ರಾಯಚೂರು ಕಡೆಯವನು. ಬೆಳಗ್ಗೆ ಸರ್ಕ್ಯುಲರ್ ಬಂತು: ಕಸ ಸುಡುವುದು ಕಾನೂನಿಗೆ ವಿರುದ್ಧ, ಇನ್ನೂರು ರೂಪಾಯಿ ದಂಡ. ವಿರುದ್ಧ ಹೌದು, ನಾನು ಇಲ್ಲ ಅನ್ನಲ್ಲ. ‘ಮೂರು ಗಂಟಿಗೆ ಬಾಳ ಥಂಡಿ ಇರ್ತದ್ರಿ ಸರ್’ ಅಂದ, ಅಷ್ಟೇ. ಅವನಿಗೊಂದು ಸ್ವೆಟರ್, ಗೇಟಿನ ಗೂಡಿಗೊಂದು ಬಾಗಿಲು ಅಂತ ಸಭೆಯಲ್ಲಿ ಕೇಳಿದೆ. ಫಂಡ್ ಇಲ್ಲ. ಅದೇ ಸಭೆಯ ಮುಂದಿನ ವಿಷಯ ಫೈರ್ ಪಿಟ್, ಲಕ್ಷದ ಹತ್ತಿರ, ಸರ್ವಾನುಮತ. ಇದಕ್ಕೆ ಏನು ವಿಡಂಬನೆ ಬರೆಯೋದು? ನಾಚಿಕೆ ಆಗಬೇಕು.

ದಂಡ ಅವನ ಸಂಬಳದಲ್ಲಿ ಮುರಿದುಕೊಂಡಿದ್ದಾರೆ. ಟೇಬಲ್ಲಿಗೆ ಗಾಳಿ ತಡೆಯುವ ಗಾಜು ಬೇಕಂತೆ, ಈ ವಾರ ಮನೆಗೆ ಐನೂರು ಕೇಳುತ್ತಿದ್ದಾರೆ. ನಾನು ಕೊಡಲ್ಲ. ಬಾಕಿ ಪಟ್ಟಿಗೆ ಹಾಕಿಕೊಳ್ಳಲಿ.