ಯಾವ ಗಾಡಿ, ಯಾವ ವರ್ಷದ್ದು?

ಬಿಡಿಭಾಗಗಳ ಅಂಗಡಿಯಲ್ಲಿ ಮೇಜಿನಾಚೆ ಕುಳಿತವರು ಕೇಳುವ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: “ಯಾವ ಗಾಡಿ, ಯಾವ ವರ್ಷದ್ದು?” ಕಾರು ಇಟ್ಟುಕೊಂಡ ಯಾರಿಗೂ ಇದು ಕಷ್ಟದ ಪ್ರಶ್ನೆಯಲ್ಲ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಗಂಟಲು ಒಣಗುತ್ತದೆ. ಕಳೆದ ವಾರ ಹಿಂದಿನ ಚಕ್ರದ ಬೇರಿಂಗ್ ಕೊಳ್ಳಲು ಹೋದಾಗಲೂ ಹಾಗೆಯೇ ಆಯಿತು. ಎಂಜಿನ್ ಒಂದು ಕಂಪನಿಯ ಸೆಡಾನಿನದು, ಸ್ಟಿಯರಿಂಗ್ ಇನ್ನೊಂದು ಕಂಪನಿಯ ಸಣ್ಣ ಕಾರಿನದು, ಹಿಂದಿನ ಆಕ್ಸೆಲ್ ಎಲ್ಲಿಂದ ಬಂತೆಂಬುದು ಅದನ್ನು ಜೋಡಿಸಿದವನಿಗೇ ಗೊತ್ತು ಎಂದು ನಾನು ವಿವರಿಸುತ್ತಿರುವಾಗ ಆತ ಕೀಲಿಮಣೆಯ ಮೇಲಿದ್ದ ಬೆರಳುಗಳನ್ನು ನಿಧಾನವಾಗಿ ಎತ್ತಿಕೊಂಡು, ನನ್ನ ಹಿಂದೆ ನಿಂತಿದ್ದವರ ಕಡೆ ತಿರುಗಿ, “ನಿಮಗೇನು ಬೇಕು ಸರ್?” ಎಂದ.

ಅದೇ ಸಂಜೆ ಅಕ್ಕನ ಮಗ ಫೋನ್ ಮಾಡಿದ. “ಮಾವ, ಯಾರೋ ಕಟ್ಟಿದ ಕಿಟ್ ಕಾರೊಂದು ಮಾರಾಟಕ್ಕಿದೆ. ತಗೊಳ್ಳಲಾ? ದಿನಾ ಆಫೀಸಿಗೆ ಓಡಿಸಬಹುದಾ?” ಕಿಟ್ ಕಾರೆಂದರೆ ಬಿಡಿಭಾಗಗಳನ್ನು ತಂದು ಯಾರೋ ಮನೆಯಲ್ಲಿ ಕೈಯಾರೆ ಜೋಡಿಸಿದ ಕಾರು, ನನ್ನದೂ ಅಂಥದೇ. ಇಂಥ ವಿಷಯ ಬಾಯಿಮಾತಿನಲ್ಲಿ ಮುಗಿಯುವಂಥದಲ್ಲ, ಬರೆದು ತಿಳಿಸುತ್ತೇನೆ ಎಂದೆ. ಇದು ಆ ಉತ್ತರ. ಓಡಿಸಬಹುದು ಅಥವಾ ಬೇಡ ಎಂಬುದು ಬರಹ ಮುಗಿಯುವುದರೊಳಗೆ ಖಂಡಿತ ಬರುತ್ತದೆ.

ಮೊದಲಿಗೆ ಒಂದು ಅಪವಾದವನ್ನು ತೊಡೆಯಬೇಕು. ಕಿಟ್ ಕಾರು ದಾರಿಯಲ್ಲಿ ಕೈಕೊಟ್ಟಿತೆಂದರೆ ಜನ ಎಂಜಿನ್ನನ್ನು ಬೈಯುತ್ತಾರೆ. ಪಾಪ, ಆ ಕಾರಿನಲ್ಲಿ ಎಲ್ಲಕ್ಕಿಂತ ನಂಬಿಕಸ್ಥ ವಸ್ತು ಅದೊಂದೇ. ಅದು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದ ಎಂಜಿನ್‌ಗಳಲ್ಲಿ ಒಂದಾಗಿದ್ದು, ಹಳೆಯ ಮನೆಯಲ್ಲಿ ಸಾವಿರಾರು ಕಿಲೋಮೀಟರು ದುಡಿದು, ಈಗ ಅರ್ಧದಷ್ಟೂ ಭಾರವಿಲ್ಲದ ಮೈಯನ್ನು ಎಳೆಯುತ್ತಾ ನಿವೃತ್ತಿಯ ಸುಖ ಅನುಭವಿಸುತ್ತಿರುತ್ತದೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಬ್ರಿಟಿಷ್ ಕಿಟ್ ಕಾರು ಸುಮಾರು 500 ಕಿಲೋ ತೂಗುತ್ತಿತ್ತು. ಅದರ ಮಾದರಿಯಲ್ಲಿ ಕಟ್ಟಿದ ಕಾರುಗಳೂ ಅದಕ್ಕಿಂತ ಬಹಳ ದಪ್ಪವಾಗಿಲ್ಲ. ಕೆಡುವುದು ಕಾರ್ಖಾನೆ ಮಾಡಿದ್ದಲ್ಲ, ಭಾನುವಾರ ಮಧ್ಯಾಹ್ನ ಮಾಡಿದ್ದು.

ಲೋಟಸ್ ಎಂದಾಗ ಒಂದು ಮಾತು ನೆನಪಾಗುತ್ತದೆ. ಆ ಕಾಲದ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದದ್ದಕ್ಕೆ ಇರಲಿಲ್ಲ. ಆದರೆ ಜೋಡಿಸುವ ವಿಧಾನವನ್ನು ಬರೆದು ಕೊಟ್ಟರೆ ವಿನಾಯಿತಿ ಹೋಗುತ್ತಿತ್ತಂತೆ. ಅದಕ್ಕೆ ಕಂಪನಿಯವರು ಕಾರನ್ನು ಬಿಚ್ಚುವ ವಿಧಾನವನ್ನು ಮುದ್ರಿಸಿ ಕೊಟ್ಟರು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರು ಎಂಬ ಕಥೆಯನ್ನು ಕಿಟ್ ಕಾರಿನ ಮಂದಿ ಇಂದಿಗೂ ಹೇಳಿ ನಗುತ್ತಾರೆ. 1973ರಲ್ಲಿ ಆ ತೆರಿಗೆಯ ಜಾಗಕ್ಕೆ ಮೌಲ್ಯವರ್ಧಿತ ತೆರಿಗೆ ಬಂದು ಈ ಲಾಭ ಮುಗಿಯಿತು. ಕಾರು ಕಟ್ಟುವ ಚಟ ಮಾತ್ರ ಮುಗಿಯಲಿಲ್ಲ.

ನನಗೆ ಬಿಚ್ಚುವ ವಿಧಾನವೂ ಸಿಗಲಿಲ್ಲ. ನನಗೆ ಕಾರು ಮಾರಿದ ಮಹಾಶಯರು ಕೊಟ್ಟದ್ದು ಒಂದು ಫೋಟೋ ಆಲ್ಬಮ್. ಅದರಲ್ಲಿ ಬರಿಯ ಚಾಸಿ (ಕಾರಿನ ಲೋಹದ ಚೌಕಟ್ಟು), ಬಣ್ಣ ಬಳಿದ ಚಾಸಿ, ಚಾಸಿಯ ಪಕ್ಕದಲ್ಲಿ ಮಹಾಶಯರು, ಚಾಸಿಯೊಳಗೆ ಮಹಾಶಯರು, ಹೀಗೆ ಮುನ್ನೂರು ಚಿತ್ರಗಳಿದ್ದವು. ವೈರಿಂಗಿನ ನಕ್ಷೆ ಇದೆಯೇ ಎಂದು ಕೇಳಿದ್ದಕ್ಕೆ ತಲೆಯನ್ನು ಬೆರಳಿನಿಂದ ತಟ್ಟಿ, “ಎಲ್ಲ ಇಲ್ಲಿದೆ” ಎಂದರು. ಆ ತಲೆಯನ್ನು ಅವರು ಕಾರಿನ ಜೊತೆಗೆ ಕೊಡುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮೊದಲ ಮಳೆಯಲ್ಲಿ ಹೊಳೆಯಿತು. ಬಲಗಡೆಯ ಇಂಡಿಕೇಟರ್ ಹಾಕಿ ಬ್ರೇಕು ತುಳಿದರೆ ಹಿಂದಿನ ಬಲಭಾಗದ ದೀಪಗಳೆಲ್ಲ ಒಟ್ಟಾಗಿ ಮಂಕಾಗಿ ಮಿನುಗುತ್ತಿದ್ದವು. ನಾನು ತಿರುಗುತ್ತೇನೋ ನಿಲ್ಲುತ್ತೇನೋ ಯಾರಿಗಾದರೂ ಸನ್ನೆ ಮಾಡುತ್ತಿದ್ದೇನೋ ಹಿಂದೆ ಬರುವವರಿಗೆ ತಿಳಿಯುವಂತಿರಲಿಲ್ಲ. ಬಲ್ಬು ಬದಲಿಸಿದೆ. ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಶರ್ ಬದಲಿಸಿದೆ. ಬ್ರೇಕಿನ ಸ್ವಿಚ್ಚನ್ನೂ ಬದಲಿಸಿದೆ. ಒಣ ಹವೆಯಲ್ಲಿ ಎಲ್ಲವೂ ಸರಿ. ನಾಲ್ಕು ಹನಿ ಬಿದ್ದರೆ ಮತ್ತೆ ಅದೇ ಕಣ್ಣಾಮುಚ್ಚಾಲೆ. ಎರಡನೆಯ ಭಾನುವಾರ ಹೆಂಡತಿಯನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಹಿಂದೆ ನಿಂತು ದೀಪಗಳ ಮೇಲೆ ಮಗ್ಗಿನಿಂದ ನೀರು ಹೊಯ್ಯುತ್ತಾ “ತುಳಿ”, “ಬಿಡು”, “ತುಳಿ” ಎಂದು ಕೂಗುತ್ತಿದ್ದೆ. ಆಕೆ ಅರ್ಧ ಗಂಟೆ ಬಾಯಿಬಿಡದೆ ತುಳಿದು ಬಿಟ್ಟು ಮಾಡಿದಳು. ಆಮೇಲೆ, “ಹೋದ ಕಾರಿನಲ್ಲಿ ಈ ಪೂಜೆ ಇರಲಿಲ್ಲ” ಎಂದು ಇಳಿದು ಒಳಗೆ ಹೋದಳು.

ಉಕ್ಕಿನ ಮೈಯ ಕಾರಿನಲ್ಲಿ ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪವನ್ನು ಬೆಳಗಿಸಿ ಕಾರಿನ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ನನ್ನ ಕಾರಿನ ಮೈ ಫೈಬರ್ ಗ್ಲಾಸಿನದು. ಅದರೊಳಗೆ ವಿದ್ಯುತ್ತು ಹರಿಯುವುದಿಲ್ಲ. ಆದ್ದರಿಂದ ಒಂದೊಂದು ದೀಪದಿಂದಲೂ ಅರ್ಥಿಂಗಿನ ತಂತಿಯನ್ನು ಎಳೆದು ಚಾಸಿಗೆ ಕಟ್ಟಬೇಕು. ಆ ತಂತಿಯ ಹಿಡಿತ ಕೆಟ್ಟರೆ ವಿದ್ಯುತ್ತು ಸುಮ್ಮನೆ ಕೂರುವುದಿಲ್ಲ, ಪಕ್ಕದ ಬಲ್ಬಿನೊಳಗೆ ನುಗ್ಗಿ ಅಲ್ಲಿಂದ ಮನೆದಾರಿ ಹುಡುಕುತ್ತದೆ. ಇದೆಲ್ಲ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಆದರೂ ಮೂರು ವಾರ ದೀಪಕ್ಕೆ ಅರ್ಥಿಂಗ್ ಸಿಗಲಿಲ್ಲ, ನನಗೆ ಅರ್ಥವಾಗಲಿಲ್ಲ.

ಮೂರನೆಯ ಭಾನುವಾರ ಕಾರಿನಡಿ ಅಂಗಾತ ಮಲಗಿ, ಒಂದೊಂದೇ ತಂತಿಯನ್ನು ಬೆರಳಿನಿಂದ ಹಿಡಿದು ಹೋದಾಗ ಬಲಗಡೆಯ ಮೂರು ತಂತಿಗಳೂ ಒಂದೇ ಬೋಲ್ಟಿನಲ್ಲಿ ಸೇರಿದ್ದು ಕಂಡಿತು. ಬೋಲ್ಟು ಬಿಗಿಯಾಗಿತ್ತು, ವಾಷರ್ ಹೊಸದಾಗಿ ಹೊಳೆಯುತ್ತಿತ್ತು. ವಾಷರಿನ ಕೆಳಗೆ, ಕನ್ನಡಿಯಂತೆ ನುಣುಪಾಗಿ, ಎಲ್ಲಿಯೂ ಒಂದು ಗೀರೂ ಬೀಳದಂತೆ, ಆ ಪ್ರಸಿದ್ಧ ಕೆಂಪು ಬಣ್ಣವಿತ್ತು. ಆಲ್ಬಮ್ಮಿನ ನಲವತ್ತು ಪುಟಗಳನ್ನು ತುಂಬಿದ್ದ ಆ ಬಣ್ಣವನ್ನು ಕೆರೆದು ಲೋಹವನ್ನು ಕಾಣಿಸಲು ಮಹಾಶಯರಿಗೆ ಮನಸ್ಸು ಬಂದಿರಲಿಲ್ಲ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಬೋಲ್ಟಿನ ತಿರುಪಿನ ಎಳೆಗಳಲ್ಲಿ ಎಲ್ಲೋ ತಾಗಿದ ಎರಡು ಚುಕ್ಕೆ ಲೋಹದ ಮೇಲೆ ನನ್ನ ಬಲಗಡೆಯ ಬದುಕು ನಡೆದಿತ್ತು. ನಾನು ಮರಳು ಕಾಗದ ತೆಗೆದುಕೊಂಡು ನಾಣ್ಯದಷ್ಟಗಲ ಜಾಗವನ್ನು ಉಜ್ಜಿದೆ. ಅಗತ್ಯಕ್ಕಿಂತ ಸ್ವಲ್ಪ ಜಾಸ್ತಿಯೇ ಉಜ್ಜಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅಷ್ಟು ಸಂತೋಷ ಯಾವ ಪ್ರಯಾಣದಲ್ಲಿಯೂ ಸಿಕ್ಕಿಲ್ಲ.

ಉಳಿದ ತೊಂದರೆಗಳೆಲ್ಲ ಇದರ ಮುಂದೆ ಚಿಕ್ಕವು. ಮಳೆ ಒಳಗೆ ಬರುತ್ತದೆ, ಮತ್ತು ಬಂದ ಮಳೆ ಹೊರಗೆ ಹೋಗುವುದಿಲ್ಲ. ಲಾರಿಯ ಪಕ್ಕದಲ್ಲಿ ನಿಂತರೆ ಅದರ ಚಕ್ರದ ನಟ್ಟುಗಳು ನನ್ನ ಕಿವಿಯ ಮಟ್ಟದಲ್ಲಿರುತ್ತವೆ, ಮೇಲಿರುವ ಚಾಲಕನಿಗೆ ನಾನು ಕಾಣುತ್ತೇನೆಂಬುದು ನನ್ನ ನಂಬಿಕೆ ಮಾತ್ರ. ಅಲುಗಾಟಕ್ಕೆ ಸಡಿಲವಾಗುವ ಬೋಲ್ಟುಗಳ ಪಟ್ಟಿಯೊಂದನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಸ್ಪ್ಯಾನರ್ ಹಿಡಿದು ಅದರ ಪ್ರಕಾರ ಸುತ್ತು ಬರಬೇಕು. ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಪೆಟ್ರೋಲ್ ಬಂಕಿನಲ್ಲಿ ಸುತ್ತಲೂ ನೆರೆಯುವ ಅಪರಿಚಿತರನ್ನು. ಆಫೀಸಿಗೆ ತಡವಾಗಿ, ತೊಯ್ದ ಪ್ಯಾಂಟಿನಲ್ಲಿ ನಿಂತಿರುವವನನ್ನು “ಎಷ್ಟು ಸ್ಪೀಡ್ ಹೋಗುತ್ತೆ?” ಎಂದು ಕೇಳುತ್ತಾರೆ. ಮನೆಗೆ ಹೋಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಬೇರಿಂಗಿನ ಮಾತು ಅರ್ಧಕ್ಕೇ ನಿಂತಿತು. ಹಳೆಯದನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದಾಗ ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ ಕೆತ್ತಿದ ಅಂಕಿ ಕಂಡಿತು: 6206. ಒಳಗಿನ ವ್ಯಾಸ 30 ಮಿಲಿಮೀಟರ್, ಹೊರಗಿನದು 62, ಅಗಲ 16. ಯಾವ ಕಂಪನಿ ಮಾಡಿದರೂ, ಯಾವ ಗಾಡಿಗೆ ಹಾಕಿದರೂ ಇದೇ ಅಳತೆ. ಬರಿಯ ಬೇರಿಂಗುಗಳನ್ನೇ ಮಾರುವ ಇನ್ನೊಂದು ಅಂಗಡಿಗೆ ಹೋಗಿ ಆ ನಾಲ್ಕು ಅಂಕಿ ಹೇಳಿದೆ. ಆತ ಯಾವ ಗಾಡಿ ಎಂದು ಕೇಳದೆ ಪೊಟ್ಟಣವನ್ನು ಮುಂದಿಟ್ಟಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಇಷ್ಟನ್ನು ಬರೆದು, ಓಡಿಸಬಹುದೇ ಬೇಡವೇ ಎಂಬ ವಾಕ್ಯಕ್ಕೆ ಬರುವಷ್ಟರಲ್ಲಿ ಅಕ್ಕನ ಮಗನ ಫೋನ್ ಮತ್ತೆ ಬಂತು. ಮುಂಗಡ ಕೊಟ್ಟಾಗಿದೆಯಂತೆ. ನಾನು ಬರೆದದ್ದನ್ನೆಲ್ಲ ಬದಿಗಿಟ್ಟು, ವೈರಿಂಗಿನ ನಕ್ಷೆ ಕೇಳಿದೆಯಾ ಎಂದೆ. “ಕೇಳಿದೆ ಮಾವ, ಅದಿಲ್ಲವಂತೆ. ಆದರೆ ಕಟ್ಟುವಾಗ ತೆಗೆದ ಫೋಟೋ ಎಲ್ಲ ಕೊಡ್ತಾರಂತೆ. ಬಣ್ಣ ಅಂತೂ ನೀವು ನೋಡಬೇಕು, ಎಲ್ಲಿಯೂ ಒಂದು ಗೀರಿಲ್ಲ.”