ಅಲ್ಲಾಡ್ಬೇಡಿ ಭಾವ!

ಗುಹೆಯ ಫೋಟೋ ತೆಗೆಯಲು ಬೇಕಾದ ಮುಖ್ಯ ಸಲಕರಣೆ ಭಾವ. ಕ್ಯಾಮೆರಾ, ಫ್ಲ್ಯಾಶ್, ಟ್ರೈಪಾಡ್ ಎಲ್ಲ ಅವರ ನಂತರ. ಕ್ಯಾಮೆರಾ ಹಾಳಾದರೆ ಯಾರ ಹತ್ತಿರವಾದರೂ ಕೇಳಿ ತರಬಹುದು. ಆದರೆ ಮೊಣಕಾಲು ಮುಳುಗುವ ನೀರಿನಲ್ಲಿ, ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಎನ್ನುವ ಕತ್ತಲೆಯಲ್ಲಿ, ಕೈಯಲ್ಲೊಂದು ಫ್ಲ್ಯಾಶ್ ಹಿಡಿದು ಅಲ್ಲಾಡದೆ ನಿಲ್ಲುವವರನ್ನು ಎಲ್ಲಿಂದ ತರುವುದು? ಗೆಳೆಯರು ಒಂದು ಸಲ ಬರುತ್ತಾರೆ. ಮತ್ತೆ ಕರೆದರೆ ಸರಿಯಾಗಿ ಅದೇ ದಿನ ಅವರ ಮನೆಯಲ್ಲಿ ನಾಗನಿಗೆ ತಂಬಿಲ ಇರುತ್ತದೆ. ಹೆಂಡತಿ ಮೊದಲ ಸಲವೂ ಬರುವುದಿಲ್ಲ. ಅಕ್ಕನ ಗಂಡ ಮಾತ್ರ ಬರುತ್ತಾರೆ. ನನ್ನ ಮೇಲಿನ ಪ್ರೀತಿಯಿಂದ ಬರುತ್ತಾರೋ, ಭಾನುವಾರ ಮನೆಯಲ್ಲಿ ಸಿಕ್ಕಿದರೆ ಅಕ್ಕ ಫ್ಯಾನ್ ಒರೆಸಲು ಹೇಳುತ್ತಾಳೆ ಎಂಬ ಹೆದರಿಕೆಯಿಂದಲೋ, ನಾನು ಕೇಳಲು ಹೋಗಿಲ್ಲ.

ಫೋಟೋದಲ್ಲಿ ಮನುಷ್ಯ ಯಾಕೆ ಬೇಕು ಅಂತ ನೀವು ಕೇಳಬಹುದು. ಒಬ್ಬ ಮನುಷ್ಯ ನಿಂತಿರದಿದ್ದರೆ ಒಳಗಿನ ಅಳತೆ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ಅಡಿ ಎತ್ತರದ ಗುಹೆಯೂ ಗದ್ದೆ ಬದುವಿನ ಏಡಿ ಬಿಲವೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಹಾಗಾಗಿ ಲೋಕದ ಎಲ್ಲ ಗುಹೆ ಫೋಟೋಗಳಲ್ಲೂ ದೂರದಲ್ಲಿ ಒಬ್ಬ ಬಡಪಾಯಿ ನಿಂತಿರುತ್ತಾನೆ. ಅವನು ಯಾರದೋ ಭಾವನೇ ಆಗಿರಬೇಕು ಅಂತ ನನ್ನ ಗುಮಾನಿ.

ಪ್ಯಾರಿಸ್ಸಿನ ನಾದಾರ್ ಎಂಬ ಫೋಟೋಗ್ರಾಫರ್‌ಗೂ ಇದೇ ತಲೆಬಿಸಿ ಇತ್ತು. 1861ರಲ್ಲಿ ಅವರು ಆ ನಗರದ ಅಡಿಯಲ್ಲಿ ಲಕ್ಷಗಟ್ಟಲೆ ಜನರ ಎಲುಬು ಪೇರಿಸಿಟ್ಟಿರುವ ಸುರಂಗಗಳಿಗೆ ಇಳಿದರು. ಬ್ಯಾಟರಿಯಿಂದ ಉರಿಯುವ ಆರ್ಕ್ ದೀಪ ತೆಗೆದುಕೊಂಡು ಹೋಗಿದ್ದರು. ಆದರೂ ಒಂದೊಂದು ಫೋಟೋಕ್ಕೆ 18 ನಿಮಿಷದವರೆಗೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ಮೂಗು ತುರಿಸಿದರೂ ಅಲ್ಲಾಡದೆ ನಿಲ್ಲಲು ಮನುಷ್ಯರಿಂದ ಸಾಧ್ಯವಾ? ನಾದಾರ್ ಕೆಲಸಗಾರರ ಬಟ್ಟೆ ತೊಡಿಸಿದ ಗೊಂಬೆಗಳನ್ನು ತಂದು ನಿಲ್ಲಿಸಿಬಿಟ್ಟರು. ಈ ಕತೆ ಕೇಳಿದ ಮೇಲೆ ಭಾವ ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ ಕಂಡಾಗಲೆಲ್ಲ ಕಾರು ನಿಧಾನ ಮಾಡಿ, "ಹಳೇ ಗೊಂಬೆ ಉಂಟಾ ಅಂತ ಒಮ್ಮೆ ಕೇಳುವನಾ ಮಾರಾಯ?" ಎನ್ನುತ್ತಾರೆ.

ಆಮೇಲೆ ಮೆಗ್ನೀಸಿಯಂ ಬಂತು, ಉರಿಸಿದರೆ ಕಣ್ಣು ಕುಕ್ಕುವ ಬೆಳಕು ಕೊಡುವ ಲೋಹ. 1865ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನ ಬ್ಲೂ ಜಾನ್ ಗಣಿಯಲ್ಲಿ ಆಲ್ಫ್ರೆಡ್ ಬ್ರದರ್ಸ್ ಎಂಬವರು ಅದನ್ನು ಉರಿಸಿ ಫೋಟೋ ತೆಗೆದರು. ಮರುವರ್ಷ ಅಮೆರಿಕದ ಮ್ಯಾಮತ್ ಗುಹೆಯಲ್ಲಿ ಚಾರ್ಲ್ಸ್ ವಾಲ್ಡಾಕ್ ಅದೇ ಕೆಲಸ ಮಾಡಿದರು. ಬೆಳಕೇನೋ ಜೋರು, ಆದರೆ ಹೊಗೆ ಅದಕ್ಕಿಂತ ಜೋರು. ವಾಲ್ಡಾಕ್ ತೆಗೆದ ಚಿತ್ರಗಳನ್ನು ಎರಡು ಕಣ್ಣಿಗೆ ಎರಡು ಚಿತ್ರ ಇಟ್ಟು ನೋಡುವ ಸ್ಟೀರಿಯೋ ಕಾರ್ಡ್ ಮಾಡಿ ಮಾರಿದರು. ಗುಹೆಗೆ ಹೋಗಿ ಬಂದವರು ಸುಮ್ನೆ ಕೂರದೆ ಊರಿಗೆಲ್ಲ ಫೋಟೋ ಹಂಚುವ ಚಟ ಇವತ್ತು ನಿನ್ನೆಯದಲ್ಲ.

ಇನ್ನು ನಮ್ಮ ಮಂಗಳೂರಿನ ಸಂಗತಿ. ಮೇಘಾಲಯದಲ್ಲಿ ಸುಣ್ಣದ ಕಲ್ಲು ಉಂಟು. ಮಳೆನೀರು ಅದನ್ನು ಕರಗಿಸಿ ಕರಗಿಸಿ ದೊಡ್ಡ ದೊಡ್ಡ ಗುಹೆ ಮಾಡಿದೆ. ಅಲ್ಲಿನ ಕ್ರೆಮ್ ಲಿಯಾತ್ ಪ್ರಾ 30 ಕಿಲೋಮೀಟರಿಗಿಂತ ಉದ್ದ. ನಮ್ಮಲ್ಲಿ ಮಳೆಗೇನೂ ಬರಗಾಲ ಇಲ್ಲ, ಆದರೆ ಇರುವುದು ಕೆಂಪುಕಲ್ಲು. ಅದರಲ್ಲಿ ಅಷ್ಟುದ್ದದ ಗುಹೆ ಆಗುವುದಿಲ್ಲ. ದೇವರಿರುವ ಗುಹೆಗೆ ಕ್ಯಾಮೆರಾ ಹಿಡಿದು ಹೋಗಲು ನನಗೆ ಮನಸ್ಸಿಲ್ಲ. ಉಳಿದದ್ದು ಸುರಂಗ.

ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಮತ್ತು ಆಚೆ ಕಾಸರಗೋಡಿಗೆ ಹೋದರೆ ಗುಡ್ಡ ಕೊರೆದು ನೀರು ತರುವ ಸುರಂಗಗಳು ಬೇಕಾದಷ್ಟು ಸಿಗುತ್ತವೆ. ಬಾವಿಯನ್ನು ಕೆಳಕ್ಕೆ ತೋಡುತ್ತಾರಲ್ಲ, ಇದನ್ನು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ತೋಡುವುದು. ಒಂದಾಳು ಎತ್ತರ, ಒಬ್ಬರು ನುಗ್ಗುವಷ್ಟು ಅಗಲ. ಗೋಡೆಯಿಂದ ಜಿನುಗಿದ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಪಿಕ್ಕಾಸು ಹಿಡಿದು ಬೋಳುಗುಡ್ಡದಲ್ಲಿ ಒಂದಾದ ಮೇಲೊಂದು ಸುರಂಗ ತೋಡಿದರು. ಮೊದಲಿನವು ಕೈಕೊಟ್ಟರೂ ಬಿಡಲಿಲ್ಲ, ನೀರು ಬರಿಸಿಯೇ ನಿಲ್ಲಿಸಿದ್ದು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಾವು ಅಂಥ ಜಾಗಕ್ಕೆ ಟಾರ್ಚು, ಬ್ಯಾಟರಿ, ಬಿಸ್ಕತ್ತು ಕಟ್ಟಿಕೊಂಡು ಹೋಗಿ ಅರ್ಧ ದಿನಕ್ಕೆ ಸುಸ್ತಾಗಿ ಬರುವುದು.

ವಿಟ್ಲದ ಆಚೆ ಭಾವನ ಕಡೆಯವರೊಬ್ಬರ ತೋಟದಲ್ಲಿ ಅಂಥದ್ದೊಂದು ಸುರಂಗ ಇದೆ ಅಂತ ಗೊತ್ತಾಯಿತು. ಅಲ್ಲಿನ ಅಜ್ಜನಿಗೆ ನಮ್ಮ ಉದ್ದೇಶ ಕೊನೆಯವರೆಗೂ ಅರ್ಥವಾಗಲಿಲ್ಲ.

"ಒಳಗೆ ಎಂತ ಉಂಟು ಫೋಟೋ ತೆಗೀಲಿಕ್ಕೆ? ನೀರು ಉಂಟು. ನೀರು ಬೇಕಾದ್ರೆ ಟ್ಯಾಂಕಿಯಲ್ಲೇ ಉಂಟಲ್ಲ?"

ಆದರೂ ಪುನರ್ಪುಳಿ ಶರಬತ್ತು ಕೊಟ್ಟರು. ಮೇಲಿಂದ ಊಟಕ್ಕೆ ಕೂರಿಸಿದರು. ಹಲಸಿನ ಹಣ್ಣಿನ ಗಟ್ಟಿ ತಿಂದು ಎದ್ದ ಭಾವ ಸುರಂಗದ ಬಾಯಿ ನೋಡಿ, "ಇದು ಊಟಕ್ಕೆ ಮೊದಲು ಹೋಗುವ ಜಾಗ ಮಾರಾಯ" ಎಂದರು. ಅಜ್ಜ ಒಂದು ಚಿಮಿಣಿ ದೀಪ ಹಚ್ಚಿ ನಮ್ಮ ಕೈಗೆ ಕೊಟ್ಟರು. ನಮ್ಮ ಹತ್ತಿರ ಸಾವಿರ ಲ್ಯೂಮೆನ್ನಿನ ಟಾರ್ಚ್ ಇದೆ ಅಂದರೂ ಕೇಳಲಿಲ್ಲ. ದೀಪ ಬೆಳಕಿಗಲ್ಲ, ಗಾಳಿಗೆ. ಅದು ಸಣ್ಣಗಾದರೆ ಒಳಗೆ ಗಾಳಿ ಸಾಲದು, ತಿರುಗಿ ಬರಬೇಕು. ಮಳೆ ಶುರುವಾದ ಮೇಲೆ ಈ ಕಡೆ ತಲೆಯೂ ಹಾಕಬೇಡಿ, ಮಣ್ಣು ಕುಸಿಯುತ್ತದೆ ಅಂತಲೂ ಹೇಳಿದರು. ಇಷ್ಟು ಹೇಳಿ ಅಜ್ಜ ಹೊರಗೆ ಕಲ್ಲಿನ ಮೇಲೆ ವೀಳ್ಯದೆಲೆ ಬಿಚ್ಚಿ ಕೂತರು.

ಮೊದಲು ತೊಂದರೆ ಕೊಟ್ಟದ್ದು ಕಾರಿನ ಏಸಿ. ಮಂಗಳೂರಿನಿಂದ ತಂಪಾಗಿ ಬಂದ ಲೆನ್ಸ್ ಸುರಂಗದ ಒದ್ದೆ ಗಾಳಿಗೆ ಬಂದದ್ದೇ ತಡ, ಬೆವರಿತು. ಒರೆಸಿದರೆ ಮತ್ತೆ ಬೆವರುತ್ತದೆ. ಭಾವ ತಮ್ಮ ಬೈರಾಸು ಕೊಟ್ಟರು. ಅದರಲ್ಲಿ ಹಲಸಿನ ಹಣ್ಣಿನ ಅಂಟು ಇತ್ತು.

ಟ್ರೈಪಾಡಿನ ಕಾಲು ಬಿಡಿಸಲು ಜಾಗ ಇಲ್ಲ. ಮೂರು ಕಾಲನ್ನೂ ಒಟ್ಟಿಗೆ ಕೆಸರಿಗೆ ಊರಿದೆವು. ಕ್ಯಾಮೆರಾದ ಮೇಲಿನ ಫ್ಲ್ಯಾಶಿನಿಂದ ಒಂದು ಫೋಟೋ ತೆಗೆದರೆ ತುಂಬ ಬರೀ ಬಿಳಿ ಚುಕ್ಕೆ. ದೆವ್ವ ಅಲ್ಲ, ನಮ್ಮದೇ ಉಸಿರು. ಉಸಿರಿನ ಹಬೆ ಗಾಳಿಯಲ್ಲಿ ನಿಂತಿರುತ್ತದೆ, ಲೆನ್ಸಿನ ಪಕ್ಕದಿಂದಲೇ ಹೋದ ಬೆಳಕು ಅದಕ್ಕೆ ಬಡಿದು ಅಲ್ಲಿಂದಲೇ ವಾಪಸ್ ಬರುತ್ತದೆ. ಹಾಗಾಗಿ ಫ್ಲ್ಯಾಶನ್ನು ದೂರದಲ್ಲಿ ನಿಂತವರ ಕೈಗೆ ಕೊಟ್ಟು ಹಿಂದಿನಿಂದ ಬೆಳಕು ಬರುವ ಹಾಗೆ ಮಾಡಬೇಕು. ಹತ್ತಿರದ ಗೋಡೆಗೆ ಬೆಳಕು ಜಾಸ್ತಿ, ದೂರಕ್ಕೆ ಹೋದಷ್ಟೂ ಕಡಿಮೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ ಮಾತ್ರ. ಕೆಂಪುಕಲ್ಲು ಬೇರೆ, ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಸುಣ್ಣದ ಕಲ್ಲಿನ ಗುಹೆಯವರಿಗೆ ಈ ಕಷ್ಟ ಇಲ್ಲ, ಬಿಳಿ ಗೋಡೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಭಾವ ಒಳಗೆ ಹೋಗಿ ನಿಂತರು. ಮೇಲಿಂದ ನೀರು ತೊಟ್ಟಿಕ್ಕುತ್ತದೆ ಅಂತ ಬೈರಾಸನ್ನು ಮುಂಡಾಸು ಕಟ್ಟಿದ್ದರು. ಫ್ಲ್ಯಾಶನ್ನು ದೂರದಿಂದ ಉರಿಸುವ ರಿಮೋಟಿಗೆ ನೀರು ಹೋಗಿ ಅದು ಅಷ್ಟರಲ್ಲೇ ಸತ್ತಿತ್ತು. ಉಳಿದದ್ದು ಹಳೇ ಪದ್ಧತಿ. ನಾನು ಶಟರ್ ತೆರೆದಿಟ್ಟು ಕೂಗುವುದು, ಭಾವ ಬಟನ್ ಒತ್ತುವುದು, ನಾನು ಶಟರ್ ಮುಚ್ಚುವುದು. ಈ ಮಧ್ಯೆ ಭಾವ ಉಸಿರು ಬಿಟ್ಟರೆ ಹಬೆ. ಅಲ್ಲಾಡಿ ಇನ್ನೊಂದು ಸಲ ಬಟನ್ ಒತ್ತಿದರೆ ಫೋಟೋದಲ್ಲಿ ಎರಡು ತಲೆ. ಹಾಗಾಗಿ ನಾನು ಜೋರಾಗಿ ಕೂಗುತ್ತಿದ್ದೆ:

"ಅಲ್ಲಾಡ್ಬೇಡಿ ಭಾವ! ಉಸಿರು ಬಿಡ್ಬೇಡಿ! ಭಾವಾ, ಉಸಿರು ಬಿಡ್ಬೇಡಿ!"

ಸುರಂಗದಲ್ಲಿ ಮಾತು ಗುಂಯ್ ಎನ್ನುತ್ತದೆ. ಹೊರಗೆ ಅಜ್ಜನ ಕಿವಿಗೆ ಬಿದ್ದದ್ದು ಇಷ್ಟು: ನಾನು ಭಾವನನ್ನು ಉಸಿರು ಬಿಡಬೇಡಿ ಅಂತ ಬೇಡಿಕೊಳ್ಳುತ್ತಿದ್ದೇನೆ, ಭಾವನ ಕಡೆಯಿಂದ ಉತ್ತರ ಇಲ್ಲ. ಉತ್ತರ ಹೇಗೆ ಬರುತ್ತದೆ, ಉಸಿರು ಕಟ್ಟಿ ನಿಂತಿದ್ದಾರಲ್ಲ! ಅಜ್ಜ ಎಲೆ ಅಡಿಕೆ ಉಗುಳಿ ಬೊಬ್ಬೆ ಹಾಕಿದರು. ತೋಟದಲ್ಲಿ ಗೇರುಬೀಜ ಹೆಕ್ಕುತ್ತಿದ್ದವರು ಹಗ್ಗ ಹಿಡಿದು ಓಡಿ ಬಂದರು. ಪಕ್ಕದ ಮನೆಯವರು ಜೀಪು ಸ್ಟಾರ್ಟ್ ಮಾಡಿ ಅಂಗಳಕ್ಕೆ ತಂದು ನಿಲ್ಲಿಸಿದರು. ಯಾರೋ ಅಕ್ಕನಿಗೆ ಫೋನ್ ಮಾಡಿಯೂ ಆಯಿತು. ಅಕ್ಕ ಭಾವನಿಗೆ ಫೋನ್ ಮಾಡಿದರೆ "ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಅಂತ ಬಂತಂತೆ.

ನಾವು ಕೆಸರು ಬಳಿದುಕೊಂಡು, ಫೋಟೋ ಒಳ್ಳೆಯದು ಬಂದ ಖುಷಿಯಲ್ಲಿ ನಗುತ್ತಾ ಹೊರಗೆ ಬಂದಾಗ ಅಲ್ಲಿ ಒಂದು ಸಣ್ಣ ಜಾತ್ರೆಯೇ ಸೇರಿತ್ತು. ಯಾರೂ ನಗಲಿಲ್ಲ. ಅಜ್ಜ ಭಾವನನ್ನು ಮೇಲಿಂದ ಕೆಳಗೆ ನೋಡಿ, "ಉಂಟಲ್ಲ ಜೀವ?" ಅಂತ ನನ್ನಲ್ಲಿ ಕೇಳಿದರು. ಮತ್ತೆ ಎಲ್ಲರಿಗೂ ಶರಬತ್ತು.

ಫೋಟೋ ನಿಜಕ್ಕೂ ಚೆನ್ನಾಗಿತ್ತು. ಕೆಂಪು ಗೋಡೆಯಲ್ಲಿ ಪಿಕ್ಕಾಸಿನ ಒಂದೊಂದು ಗುರುತೂ ಕಾಣುತ್ತಿತ್ತು. ಕೆಳಗೆ ಕನ್ನಡಿ ನೀರು. ಆ ಗುರುತು ನೋಡಿದರೆ ತೋಡಿದವನ ಕೈ ಎತ್ತ ಕಡೆ ಬೀಸಿತ್ತು ಅಂತ ಗೊತ್ತಾಗುತ್ತದೆ. ಆ ರಾತ್ರಿಯೇ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಮೊದಲ ಉತ್ತರ ಮಾವನದ್ದು. "ಕಪ್ಪು ಬಂದಿದೆ. ಇನ್ನೊಮ್ಮೆ ಕಳಿಸು." ಅವರು ಚಾರ್ಜ್ ಉಳಿಸಲು ಫೋನಿನ ಬೆಳಕನ್ನು ಪೂರ್ತಿ ತಗ್ಗಿಸಿಟ್ಟಿರುತ್ತಾರೆ. ವಾಟ್ಸಾಪ್ ಬೇರೆ ಫೋಟೋವನ್ನು ಹಿಂಡಿ ಸಣ್ಣ ಮಾಡುತ್ತದೆ. ಹಗಲಿನ ಫೋಟೋಕ್ಕೆ ಅದರಿಂದ ಅಷ್ಟೇನೂ ಆಗುವುದಿಲ್ಲ, ಆದರೆ ಕತ್ತಲೆಯ ಭಾಗ ಚೌಕ ಚೌಕವಾಗಿ ಒಡೆದುಹೋಗುತ್ತದೆ. ಹಾಗಾಗಿ ಡಾಕ್ಯುಮೆಂಟ್ ಮಾಡಿ ಕಳಿಸಿದೆ. ಡಾಕ್ಯುಮೆಂಟನ್ನು ನಮ್ಮಲ್ಲಿ ಯಾರೂ ತೆರೆಯುವುದಿಲ್ಲ. ಸಾಲಕ್ಕೆ ಜಾಮೀನು ಕೇಳುವ ಕಾಗದ ಇರಬಹುದು ಅಂತ ಹೆದರಿಕೆ.

ತೆರೆದವನು ಅಕ್ಕನ ಮಗ ಒಬ್ಬನೇ. ಅದರಲ್ಲಿ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇತ್ತು, ಅದರೊಳಗೆ ಜಾಗದ ಗುರುತೂ ಕೂತಿತ್ತು. ಸಾಮಾನ್ಯವಾಗಿ ಕಳಿಸಿದರೆ ವಾಟ್ಸಾಪ್ ಆ ಗುರುತನ್ನು ತೆಗೆದುಹಾಕುತ್ತದೆ, ಡಾಕ್ಯುಮೆಂಟಾದರೆ ಹಾಗೇ ಬಿಡುತ್ತದೆ. ಗುಹೆಗಳ ಹಿಂದೆ ಬಿದ್ದವರು ಜಾಗದ ಹೆಸರು ಬಾಯಿಬಿಡುವುದಿಲ್ಲ ಅಂತ ಕೇಳಿರಬಹುದು. ಜನ ನುಗ್ಗಿದರೆ ಬಾವಲಿಗಳು ಬಿಟ್ಟುಹೋಗುತ್ತವೆ. ಕೋಲಾರದ ಹನುಮನಹಳ್ಳಿಯ ಗುಹೆಯನ್ನು ಬಿಟ್ಟರೆ ಬೇರೆಲ್ಲೂ ಕಾಣದ ಒಂದು ಜಾತಿಯ ಬಾವಲಿಯೇ ಉಂಟು, ಅದಕ್ಕೆ ಬೇರೆ ಮನೆ ಇಲ್ಲ. ನಮ್ಮ ಅಜ್ಜನ ಸುರಂಗಕ್ಕೆ ಮುಂದಿನ ಭಾನುವಾರ ಅಳಿಯನ ಕಾಲೇಜಿನ ಹುಡುಗರು ಬೈಕಿನಲ್ಲಿ ಹೋದರು. ಅಜ್ಜ ಬೈಯಲಿಲ್ಲ. ಶರಬತ್ತು ಕೊಟ್ಟು, ಸಂಜೆಯವರೆಗೆ ಗೇರುಬೀಜ ಹೆಕ್ಕಿಸಿ ಕಳಿಸಿದರು. ಮತ್ತೆ ಯಾರೂ ಆ ಕಡೆ ಹೋದ ಸುದ್ದಿ ಇಲ್ಲ.

ಉಡುಪಿಯ ದೊಡ್ಡಮ್ಮ ಫೋನೇ ಮಾಡಿದರು. "ಗುಹೆ ಚಂದ ಉಂಟು. ದೇವರು ಎಲ್ಲಿ?"

ಅವರದ್ದೂ ತಪ್ಪಲ್ಲ. ನಮ್ಮ ಕಡೆ ಗುಹೆ ಅಂದರೆ ನೆಲ್ಲಿತೀರ್ಥ. ಸುಮಾರು 200 ಮೀಟರ್ ಒಳಗೆ, ಕೆಲವು ಕಡೆ ಮಂಡಿಯೂರಿ ಹೋಗಬೇಕು, ಕೊನೆಗೆ ಶಿವಲಿಂಗ. ಇಲ್ಲದಿದ್ದರೆ ಕುಂದಾಪುರದ ಕಡೆಯ ಮೂಡುಗಲ್ಲು ಕೇಶವನಾಥೇಶ್ವರ. ಅಲ್ಲಿ ಮೀನುಗಳ ನಡುವೆ ನೀರಿನಲ್ಲಿ ನಡೆದು ಹೋದರೆ ದೇವರು. ಇದು ಅಂಥದ್ದಲ್ಲ, ನೀರಿನ ಸುರಂಗ, ನಿಂತಿರುವುದು ಭಾವ ಅಂತ ಹೇಳಿದೆ. "ಇರಲಿ, ನೀರೂ ದೇವರೇ" ಎಂದು ಫೋನಿಟ್ಟರು. ಅತ್ತೆಗೆ ಕಂಡದ್ದು ಭಾವನ ಬನಿಯನ್ ಮಾತ್ರ. "ಅಷ್ಟು ಕೊಳೆಯಾದ ಬನಿಯನ್ ಹಾಕಿಕೊಂಡು ಫೋಟೋಕ್ಕೆ ನಿಲ್ಲುವುದಾ?" ಪಿಕ್ಕಾಸಿನ ಗುರುತಿನ ಬಗ್ಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ.

ಭಾವ ಹಿಂದಿನಿಂದ ಬೆಳಕು ಬಿಟ್ಟ ಇನ್ನೊಂದು ಫೋಟೋವನ್ನೂ ಹಾಕಿದ್ದೆ. ಕೊನೆಗೂ ಅವರು ಉಸಿರು ಬಿಟ್ಟೇ ಬಿಟ್ಟಿದ್ದರು. ಆ ಹಬೆಗೆ ಬೆಳಕು ಬಿದ್ದು ಮುಂಡಾಸಿನ ಸುತ್ತ ದೊಡ್ಡ ಪ್ರಭಾವಳಿ ಬಂದಿತ್ತು. ಮುಖ ಪೂರ್ತಿ ಕಪ್ಪು. ನನ್ನ ಲೆಕ್ಕದಲ್ಲಿ ಅದು ಫೇಲಾದ ಫೋಟೋ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಅದೇ ಅತ್ತೆ ಗ್ರೂಪಿಗೆ ಒಂದು ಚಿತ್ರ ಕಳಿಸಿದರು. "ಹಲವು ಬಾರಿ ಫಾರ್ವರ್ಡ್ ಆಗಿದೆ" ಎಂಬ ಗುರುತು ಬೇರೆ. ಸುತ್ತ ಗುಲಾಬಿ ಹೂವಿನ ಅಂಚು, ಮೇಲೆ "ಶುಭೋದಯ", ನಡುವೆ ಭಾವ. ಕೆಳಗೆ ಬರೆದಿತ್ತು: ಹಿಮಾಲಯದ ಗುಹೆಯಲ್ಲಿ 200 ವರ್ಷಗಳಿಂದ ಅನ್ನಾಹಾರ ಬಿಟ್ಟು ತಪಸ್ಸು ಮಾಡುತ್ತಿರುವ ಯೋಗಿ, ಹನ್ನೊಂದು ಜನರಿಗೆ ಕಳಿಸಿದರೆ ಸಂಜೆಯೊಳಗೆ ಶುಭ ಸುದ್ದಿ. "ಎಂಥ ತೇಜಸ್ಸು ನೋಡಿ" ಅಂತ ಅತ್ತೆ ತಮ್ಮದೊಂದು ಸಾಲು ಸೇರಿಸಿದ್ದರು.

ಅದು ಭಾವ, ವಿಟ್ಲದ ಸುರಂಗದಲ್ಲಿ, ಹಲಸಿನ ಗಟ್ಟಿ ತಿಂದ ಮೇಲೆ ತೆಗೆದದ್ದು ಅಂತ ನಾನು ಬರೆದೆ. "ದೇವರ ವಿಷಯದಲ್ಲಿ ತಮಾಷೆ ಬೇಡ" ಅಂತ ಅತ್ತೆಯ ಉತ್ತರ ಬಂತು. ಭಾವ ಏನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ತಮ್ಮ ಡೀಪಿ ಬದಲಿಸಿ ಅದನ್ನೇ ಹಾಕಿಕೊಂಡಿದ್ದರು.

ಕೊನೆಗೆ ಅಕ್ಕ ಬರೆದಳು. "ತಪಸ್ಸು ಮುಗಿದಿದ್ರೆ ಬರುವಾಗ ಒಂದು ಕೆಜಿ ಬಂಗುಡೆ ತನ್ನಿ."

ಅದಕ್ಕೆ ದೊಡ್ಡಮ್ಮ ಕೈಮುಗಿಯುವ ಇಮೋಜಿ ಹಾಕಿದರು.