ಜರ್ಮನ್ನರ ‘ಗಿಫ್ಟ್’ ವಿಷವಾದ ಕತೆ

ಬೆಳಿಗ್ಗೆಯಿಂದ ಒಂದೇ ರೀಲ್ ಎಲ್ಲಾ ಗ್ರೂಪಿನಿಂದ ಬರ್ತಿದೆ. ಜರ್ಮನ್ನಿನಲ್ಲಿ ‘ಗಿಫ್ಟ್’ ಅಂದರೆ ವಿಷವಂತೆ, ಆ ಜನರ ಮನಸ್ಸೇ ಅಷ್ಟು ಕಲ್ಲಂತೆ. ಜರ್ಮನ್ ಕಲಿಸಿಯೇ ಬದುಕುವವಳು ನಾನು, ನಿಮಗೆಲ್ಲ ಗೊತ್ತು. ಸಿಟ್ಟು ತಡೆಯೋಕಾಗ್ತಿಲ್ಲ.

ವಿಷ ಅನ್ನೋದು ನಿಜವೇ. ಮಗು ಅಪ್ಪಿತಪ್ಪಿ ಫಿನಾಯಿಲ್ ಕುಡಿದರೆ ಅಲ್ಲಿ ಕರೆ ಮಾಡುವ ಸಹಾಯವಾಣಿಗೆ ‘ಗಿಫ್ಟ್‌ನೋಟ್‌ರೂಫ್’ ಅಂತಲೇ ಹೆಸರು. ಆದರೆ ಪದದ ಬೇರು ‘ಕೊಡು’. ಹಳೆಯ ಜರ್ಮನ್ನಿನಲ್ಲಿ ಗಿಫ್ಟ್ ಅಂದರೆ ಕೊಡುಗೆಯೇ. ಮದುಮಗಳ ಜೊತೆ ಕಳಿಸುವ ಬಳುವಳಿಗೆ ಇವತ್ತಿಗೂ ‘ಮಿಟ್‌ಗಿಫ್ಟ್’ ಅಂತಾರೆ. ಜರ್ಮನ್ನಿನಲ್ಲಿ ನಾಮಪದದ ಲಿಂಗವನ್ನು ಅದರ ಹಿಂದೆ ಬರುವ ‘ಡೀ’, ‘ಡಾಸ್’ನಂಥ ಪುಟ್ಟ ಪದ ತೋರಿಸುತ್ತದೆ. ಬಳುವಳಿ ಸ್ತ್ರೀಲಿಂಗ, ‘ಡೀ ಮಿಟ್‌ಗಿಫ್ಟ್’. ವಿಷ ಮಾತ್ರ ನಪುಂಸಕ, ‘ಡಾಸ್ ಗಿಫ್ಟ್’. ಹಳೆಯ ಅರ್ಥ ತನ್ನ ಹಳೆಯ ಲಿಂಗವನ್ನೂ ಬಿಡದೆ ಆ ಸಮಾಸದೊಳಗೆ ಉಳಿದಿದೆ. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿಸಲ ನನಗೆ ಮೈ ಜುಮ್ಮೆನ್ನುತ್ತದೆ.

ಗ್ರೀಕಿನ ‘ಡೋಸಿಸ್’ ಅಂದರೂ ಕೊಡುವುದು. ಅದೇ ವೈದ್ಯರು ಕೊಡುವ ಔಷಧಿಯ ಅಳತೆಯಾಯಿತು, ನಮ್ಮ ‘ಡೋಸ್’. ಅದರ ಜಾಡಿನಲ್ಲೇ ಗಿಫ್ಟ್ ಕೂಡ ‘ಕುಡಿಯಲು ಕೊಟ್ಟದ್ದು’ ಆಗಿ, ಕೊನೆಗೆ ವಿಷವಾಯಿತು. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಲು ಜನ ಅಂಜುತ್ತಾರೆ, ಮೆತ್ತಗಿನ ಪದ ಹುಡುಕುತ್ತಾರೆ. ಇದರಲ್ಲಿ ಕಲ್ಲುಮನಸ್ಸು ಎಲ್ಲಿಂದ ಬಂತು?

ಇಂಗ್ಲಿಷಿನ ‘ಪಾಯ್ಸನ್’ ಏನು ಮಹಾ? ಫ್ರೆಂಚ್ ದಾರಿಯಲ್ಲಿ ಬಂದ ಲ್ಯಾಟಿನ್ ‘ಪೋಟಿಯೋ’ ಅದು. ಅರ್ಥ ಬರೀ ಪಾನೀಯ. ಅಷ್ಟು ದೂರ ಯಾಕೆ, ನಮ್ಮ ‘ಮದ್ದು’ ನೋಡಿ. ಕೆಮ್ಮಿಗೂ ಮದ್ದು, ಊಟದಲ್ಲಿ ಯಾರೋ ಏನೋ ಬೆರೆಸಿದರು ಅನ್ನೋದಕ್ಕೂ ‘ಮದ್ದು ಹಾಕಿದ್ದಾರೆ’. ಇಷ್ಟನ್ನೇ ಹಿಡಿದು ಕನ್ನಡಿಗರೆಲ್ಲ ಔಷಧಿ ಹೆಸರಲ್ಲಿ ವಿಷ ಹಾಕುವವರು ಅಂತ ಯಾರಾದರೂ ರೀಲ್ ಮಾಡಿದರೆ ಸುಮ್ಮನಿರ್ತೀವಾ?

‘ತಮಾಷೆಗೆ ಮಾಡಿದ್ದು, ಬಿಡಿ ಮೇಡಂ’ ಅಂತಾರೆ. ಬಿಡೋಕಾಗಲ್ಲ. ಒಂದು ಪದ ತೋರಿಸಿ ಒಂದಿಡೀ ನಾಡಿನ ಜನರ ಗುಣ ತೀರ್ಮಾನಿಸೋದು ತಮಾಷೆ ಅಲ್ಲ. ಅದನ್ನು ನಂಬಿಕೊಂಡೇ ಮಕ್ಕಳು ನನ್ನ ತರಗತಿಗೆ ಬರ್ತಾರೆ.

ಸ್ವೀಡಿಷ್‌ನಲ್ಲಿ ಇನ್ನೂ ಚಂದ. ಬರೆಯೋದು ‘ಗಿಫ್ಟ್’ ಅಂತಲೇ, ಹೇಳೋದು ‘ಯಿಫ್ಟ್’. ವಿಷ ಅಂತಲೂ ಹೌದು, ಮದುವೆಯಾದವರು ಅಂತಲೂ ಹೌದು. ಮದುವೆಗೂ ಅದೇ ‘ಕೊಡು’ ಬೇರು, ಅಂದರೆ ಕೊಟ್ಟ ಹೆಣ್ಣು. ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ ಅಂತ ನಾವೂ ಕೇಳ್ತೀವಲ್ಲ, ಅದೇ.